ಏಳನೇ ಸೀಟಿನ ನೇರ ಹೊಲಿಗೆ

ಚಮಚದ ಹಿಡಿಯನ್ನು ಕೀ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿದರೆ ಟಕ್ಕೆಂದು ಮೇಲೆ ಬರುತ್ತದೆ. ಅವಸರ ಮಾಡಿದರೆ ಒಳಗಿನ ಕೊಕ್ಕೆ ಮುರಿಯುತ್ತದೆ. ಏಳನೇ ಸೀಟಿನ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕೀ ಕಿತ್ತು ಸೋಪುನೀರಿನ ಬೋಗುಣಿಗೆ ಹಾಕುತ್ತಿದ್ದೆ. ಬೆಳಿಗ್ಗೆ ಹತ್ತು ಗಂಟೆ. ಗೇಮಿಂಗ್ ಸೆಂಟರಿನ ಉಳಿದ ಹನ್ನೊಂದು ಸೀಟುಗಳೂ ಖಾಲಿ.

ಅಕ್ಕ ಎದುರಿಗೆ ಕುಳಿತು ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಒಳಗೆ ಸಿಕ್ಕಿಸಿದಳು. ಸಡಿಲವಾಯಿತು. ಬಿಚ್ಚಿ ಮತ್ತೆ ಸುತ್ತಿದಳು. ಕಟ್ಟಿಕೊಡಲೇ ಎಂದು ನಾನು ಕೇಳಲಿಲ್ಲ. ಕಟ್ಟಿಕೊಡು ಎಂದು ಅವಳೂ ಹೇಳಲಿಲ್ಲ.

ನಾಲ್ಕು ಕೀಗಳ ಅಕ್ಷರ ಸವೆದು ಬೋಳಾಗಿದ್ದವು. ಮುಂದೆ, ಹಿಂದೆ, ಎಡ, ಬಲ. ಮೂರು ವರ್ಷ ಅಕ್ಕನ ಎಡಗೈ ಬೆರಳುಗಳು ಆ ನಾಲ್ಕರ ಮೇಲೇ ನಡೆದಾಡಿವೆ.

ಎಲ್ಲ ಕೀಗಳನ್ನೂ ತೊಳೆದು ಟವೆಲಿನ ಮೇಲೆ ಹರಡಿ, ಕೊನೆಗೆ ಮೌಸಿಗೆ ಕೈಹಾಕಿದೆ.

"ಅದು ಬೇಡ," ಎಂದಳು ಅಕ್ಕ. ಆ ದಿನ ಅವಳಾಡಿದ ಮೊದಲ ಮಾತು.

"ಜಿಡ್ಡಾಗಿದೆ."

"ಇರ್ಲಿ ಬಿಡು. ಸೆಟ್ಟಿಂಗ್ ಹಾಳಾಗುತ್ತೆ."

ಕೈ ಹಿಂದಕ್ಕೆ ತೆಗೆದುಕೊಂಡೆ. ಕೆಲವು ತಿಂಗಳಿಂದ ಅವಳು ಆ ಕಪ್ಪು ಮೌಸನ್ನು ನನಗೆ ಮುಟ್ಟಗೊಡುತ್ತಿರಲಿಲ್ಲ. ಆಟಗಾರರಿಗೆ ಒಂದೊಂದು ಶಕುನ ಇರುತ್ತದೆ. ಗೆದ್ದ ದಿನ ಹಾಕಿದ್ದ ಸಾಕ್ಸನ್ನು ಸೋಲುವವರೆಗೂ ತೊಳೆಯದವರನ್ನು ನಾನು ಬಲ್ಲೆ. ಅವರು ಕೂರುವ ಸಾಲನ್ನು ಗುಡಿಸುವಾಗ ಮೂಗು ಮುಚ್ಚಿಕೊಳ್ಳುತ್ತೇನೆ, ಅಷ್ಟೆ.

ಗೋಡೆಯ ಗಡಿಯಾರ ನೋಡಿದೆ. ಇನ್ನು ಎಂಟು ಗಂಟೆ ಬಾಕಿ.

ಕಳೆದ ಗುರುವಾರ ಇದೇ ಹೊತ್ತಿಗೆ ಯಾರೋ ಈ ಸೀಟಿನಲ್ಲಿ ಕುಳಿತು, ಅಕ್ಕನ ಖಾತೆಯಿಂದ, ಕಳ್ಳಾಟ ಆಡಿದ್ದರು. ಆ ಹೊತ್ತಿಗೆ ಅಕ್ಕ ಮೂಳೆ ಡಾಕ್ಟರ ಬಾಗಿಲಲ್ಲಿ ಚೀಟಿ ಹಿಡಿದು ನನ್ನ ಪಕ್ಕ ಕುಳಿತಿದ್ದಳು. ಅದನ್ನು ನಾನು ಬರೆದು ಕಳಿಸಿದ್ದೆ. ಒಡಹುಟ್ಟಿದವರ ಮಾತು ಸಾಕ್ಷಿಯಲ್ಲ ಎಂದು ಆಟದ ಕಂಪನಿಯಿಂದ ಉತ್ತರ ಬಂದಿತ್ತು.

ಆ ಉತ್ತರವನ್ನು ನಾಲ್ಕು ಸಲ ಓದಿದ್ದೆ. ಆಡಿದವರ ಗುರಿ ಮನುಷ್ಯನ ಕೈಯದಲ್ಲ. ಆ ಕಂಪ್ಯೂಟರಿನಲ್ಲಿ ಯಾವ ಕಳ್ಳ ಪ್ರೋಗ್ರಾಮೂ ಸಿಕ್ಕಿಲ್ಲ. ಸೋಮವಾರ ಸಂಜೆ ಆರರೊಳಗೆ ಕುಳಿತವರ ಹೆಸರನ್ನು ಆಧಾರದ ಸಮೇತ ಕಳಿಸಿದರೆ ಅವರೊಬ್ಬರನ್ನು ಮಾತ್ರ ಶಾಶ್ವತವಾಗಿ ತೆಗೆದುಹಾಕುತ್ತೇವೆ. ಇಲ್ಲದಿದ್ದರೆ ತಂಡದ ಐವರನ್ನೂ.

ಇವತ್ತೇ ಸೋಮವಾರ.

ಐದು ಜನ ಸೇರಿ ಇನ್ನೈದು ಜನರನ್ನು ಹೊಡೆದು ಕೋಣೆಗಳನ್ನು ಹಿಡಿಯುವ ಬಂದೂಕಿನ ಆಟ ಅದು. ಕಂಚು, ಬೆಳ್ಳಿ, ಚಿನ್ನ, ವಜ್ರ, ಶಿಖರ. ಕಂಚಿನಿಂದ ವಜ್ರಕ್ಕೆ ಬರಲು ಅಕ್ಕನ ತಂಡಕ್ಕೆ ಮೂರು ವರ್ಷ ಹಿಡಿಯಿತು. ಶಿಖರಕ್ಕೆ ಇನ್ನು ನಲವತ್ತೇ ಅಂಕ. ಶಿಖರ ಮುಟ್ಟಿದರೆ ಆಟಗಾರ್ತಿಯಾಗಿ ತೆಗೆದುಕೊಳ್ಳುತ್ತೇವೆ ಎಂದು ಒಂದು ದೊಡ್ಡ ತಂಡದವರು ಅಕ್ಕನಿಗೆ ಮಾತು ಕೊಟ್ಟಿದ್ದರು. ಈ ತಿಂಗಳು ಮುಗಿಯುವುದರೊಳಗೆ ಮುಟ್ಟಬೇಕು. ಮುಟ್ಟಿದರೆ ಬೆಳಗಿನ ಜಾವ ಐದಕ್ಕೆ ಎದ್ದು ಹೋಟೆಲಿನ ಲಾಂಡ್ರಿಯಲ್ಲಿ ನಿಂತು ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುವುದು ತಪ್ಪುತ್ತದೆ.

"ಏನಾದ್ರೂ ಸುಳಿವು ಸಿಕ್ತಾ?" ಅಕ್ಕ ಕೇಳಿದಳು.

"ಇನ್ನೂ ಇಲ್ಲ."

"ನೀನು ಹುಡುಕ್ತೀಯ. ಕೂತಿದ್ದು ಯಾರಂತ ಅಷ್ಟೇ ನನಗೆ ಬೇಕಾಗಿರೋದು." ಹೇಳಿ ಕಣ್ಣು ಮುಚ್ಚಿ ಕುರ್ಚಿಗೆ ತಲೆ ಆನಿಸಿದಳು. ಮೂರು ರಾತ್ರಿಯಿಂದ ನಿದ್ದೆಯಿಲ್ಲದ ಮುಖ.

ಬಾಗಿಲು ತೆರೆಯಿತು. ನಾವು ಜಿರಾಫೆ ಎಂದು ಕರೆಯುವ, ಅಕ್ಕನ ತಂಡದ ಉದ್ದನೆಯ ಹುಡುಗ ತಲೆ ಬಗ್ಗಿಸಿ ಒಳಬಂದ. ಬಾಗಿಲು ಅವನಿಗಿಂತ ಎತ್ತರವೇ ಇದೆ, ಆದರೂ ಬಗ್ಗುತ್ತಾನೆ. ಬೇರೆಲ್ಲೋ ತಲೆ ಹೊಡೆಸಿಕೊಂಡ ಅಭ್ಯಾಸ. ಆಟದಲ್ಲಿ ದೂರದಿಂದ ಗುರಿಯಿಡುವವನು ಅವನೇ.

"ಏನ್ ಸಿಐಡಿ ಮೇಡಂ, ಕಳ್ಳ ಸಿಕ್ಕಿದ್ನಾ? ಇಲ್ಲ ಇನ್ನೂ ಸೋಪು ಹಚ್ತಿದೀರಾ?"

ನಾನು ಟವೆಲಿನ ಮೇಲಿನ ಕೀಗಳನ್ನು ಮಗುಚಿ ಹಾಕಿದೆ.

"ಗುರುವಾರ ಬೆಳಿಗ್ಗೆ ನೀನು ಇಲ್ಲಿಗೆ ಬಂದಿದ್ದೆ," ಎಂದೆ. "ಸೆಂಟರ್ ಯಜಮಾನರು ನೋಡಿದಾರೆ."

"ಬಂದಿದ್ದೆ. ಚಾರ್ಜರ್ ಮರ್ತು ಹೋಗಿದ್ದೆ, ತಗೊಂಡೆ, ಹೋದೆ. ಅದಕ್ಕೂ ರಸೀದಿ ಬೇಕಾ?"

"ಬುಧವಾರ ಅಕ್ಕನ ಜೊತೆ ಜಗಳ ಆಡಿದ್ದೆ."

"ಜಗಳ ಅಲ್ಲ. ಕೈ ಆಗಲ್ಲ ಅಂದ್ರೆ ನಾಯಕಿ ಸ್ಥಾನ ಬಿಟ್ಟು ಒಂದು ತಿಂಗಳು ರೆಸ್ಟ್ ತಗೋ ಅಂದೆ. ಒಳ್ಳೆ ಮಾತು ಹೇಳಿದವನೇ ಕೆಟ್ಟವನು." ಅವನು ಅಕ್ಕನ ಕಡೆ ನೋಡಿದ. ಅಕ್ಕ ಕಣ್ಣು ತೆರೆಯಲಿಲ್ಲ. ಅವನ ದನಿ ತಗ್ಗಿತು. "ಈಗಲೂ ಅದನ್ನೇ ಹೇಳ್ತೀನಿ. ನೋಡು ಆ ಕೈನ."

ಆಮೇಲೆ ಏಳನೇ ಸೀಟಿನ ಮೇಜಿಗೆ ಒರಗಿ, "ಎಲ್ಲ ತೊಳೆದೆ, ಮೌಸ್ ಮಾತ್ರ ಬಿಟ್ಯಲ್ಲ?" ಎಂದ.

"ಸೆಟ್ಟಿಂಗ್ ಹಾಳಾಗುತ್ತಂತೆ."

"ಒರೆಸಿದ್ರೆ ಎಲ್ಲಾದ್ರೂ ಸೆಟ್ಟಿಂಗ್ ಹೋಗುತ್ತಾ? ಇದರ ಹೊಟ್ಟೇಲೇ ನೆನಪು ಇರುತ್ತೆ. ಒಂದು ಸಲ ಹೇಳಿಕೊಟ್ರೆ ಯಾವ ಕಂಪ್ಯೂಟರ್‌ಗೆ ಚುಚ್ಚಿದ್ರೂ ಮರೆಯಲ್ಲ. ನನ್ನ ಹಾಗಲ್ಲ ಇದು, ಚಾರ್ಜರ್ ಮರೆಯೋ ಜಾತಿ ಅಲ್ಲ."

"ಅದನ್ನ ಬಿಡ್ತೀಯಾ?" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಜಿರಾಫೆ ಕೈಯೆತ್ತಿ ಹಿಂದೆ ಸರಿದ.

ಕಂಪನಿ ಪತ್ರದ ಜೊತೆ ಗುರುವಾರದ ಆಟದ ರೀಪ್ಲೇಯನ್ನೂ ಕಳಿಸಿತ್ತು. ಶುಕ್ರವಾರದಿಂದ ಅದನ್ನು ಹನ್ನೊಂದು ಸಲ ನೋಡಿದ್ದೆ, ಬಂದೂಕನ್ನೇ ನೋಡಿದ್ದೆ. ಎಲ್ಲರೂ ಬಂದೂಕನ್ನೇ ನೋಡುತ್ತಾರೆ. ಹನ್ನೆರಡನೇ ಸಲಕ್ಕೆ ಮೂರನೇ ಸೀಟಿನಲ್ಲಿ ಕುಳಿತು ಕಾಲುಗಳನ್ನು ನೋಡಿದೆ.

ಎರಡು ವರ್ಷದಿಂದ ಒರೆಸುವ ಬಟ್ಟೆ ಹಿಡಿದು ಇವರ ಬೆನ್ನ ಹಿಂದೆ ನಿಂತಿದ್ದೇನೆ. ಯಾರು ಹೇಗೆ ನಡೆಯುತ್ತಾರೆ ಎಂದು ನನಗೆ ಗೊತ್ತು. ಜಿರಾಫೆ ಬಾಗಿಲ ಹತ್ತಿರಕ್ಕೇ ಬರುವುದಿಲ್ಲ, ಎತ್ತರ ಸಿಕ್ಕರೆ ಏರಿ ಕೂರುತ್ತಾನೆ. ತಂಡದಲ್ಲಿರುವ ಅವಳಿ ಹುಡುಗರು ಬಾಗಿಲು ಕಂಡರೆ ಒಳಗೇ ಬೀಳುತ್ತಾರೆ, ಆಮೇಲೆ ಯೋಚನೆ. ಹಾಗೆ ನೋಡಿದರೆ ಗುರುವಾರ ಅವರಿಬ್ಬರೂ ಪರೀಕ್ಷೆಯ ಹಾಲಿನಲ್ಲಿದ್ದರು. ಅಕ್ಕ ಎಲ್ಲರಿಗಿಂತ ಮುಂದೆ ಹೋಗುತ್ತಾಳೆ.

ಆಟದ ನಕ್ಷೆಯಲ್ಲಿ ನಡುಮನೆಯಂಥ ಒಂದು ಕೋಣೆ ಇದೆ. ಇವರು ಅದಕ್ಕೆ ಇಟ್ಟ ಹೆಸರು ಅತ್ತೆಮನೆ. ಹೋಗಬಹುದು, ಉಳಿಯಬಾರದು. ನಾಲ್ಕು ಕಡೆಯಿಂದ ಗುಂಡು ಬರುತ್ತದೆ.

ಪರದೆಯ ಮೇಲೆ ಅಕ್ಕನ ಹೆಸರು ಹೊತ್ತ ಬಂದೂಕುಧಾರಿ ಅತ್ತೆಮನೆಯ ಬಾಗಿಲಿಗೆ ಬಂದ. ಒಳಗೆ ನುಗ್ಗಲಿಲ್ಲ. ಬಾಗಿಲಿನ ಎಡಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತ. ಒಂದು, ಎರಡು, ಮೂರು, ನಾಲ್ಕು. ಜೊತೆಗಾರರು ನಾಲ್ವರು ಒಬ್ಬೊಬ್ಬರಾಗಿ ಒಳಗೆ ಹೋದರು. ಅವರೆಲ್ಲ ಗುರುತಿಲ್ಲದ ಜನ, ಆ ಆಟಕ್ಕೆಂದು ಕಂಪನಿಯ ಕಂಪ್ಯೂಟರೇ ಜೊತೆಗೂಡಿಸಿದವರು. ನಾಲ್ಕನೆಯವನು ದಾಟಿದ ಮೇಲೆ ಇವನು ಒಳಗೆ ಹೆಜ್ಜೆಯಿಟ್ಟ.

ಮುಂದಿನ ಸುತ್ತಿನಲ್ಲೂ ಅದೇ. ಅದರ ಮುಂದಿನ ಸುತ್ತಿನಲ್ಲೂ ಅದೇ.

ಜಿರಾಫೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. "ಯಾವನಪ್ಪ ಇವನು? ಕೈಯಲ್ಲಿ ಅಷ್ಟು ದೊಡ್ಡ ಬಂದೂಕಿದೆ, ಬಾಗಿಲಲ್ಲಿ ನಿಂತ್ಕೊಂಡು ಬಂದೋರನ್ನ ಒಳಗೆ ಕರೀತಿದಾನೆ. ಚಪ್ಪಲಿ ಕಾಯ್ತಾನೇನೋ."

ನಾನು ರೀಪ್ಲೇ ನಿಲ್ಲಿಸಿದೆ.

ಬಾಗಿಲ ಬಳಿ ಸರಿದು ನಿಂತು ಉಳಿದವರನ್ನು ಮುಂದೆ ಬಿಡುವುದು ಒಬ್ಬರೇ. ಗಾಯಕ್ಕೆ ಮದ್ದು ಹಾಕುವವರು. ಅವರು ಎಲ್ಲರ ಹಿಂದೆ ಇರಬೇಕು, ಎಲ್ಲರ ಬೆನ್ನೂ ಅವರಿಗೆ ಕಾಣಬೇಕು. ಮೂರು ವರ್ಷ ಹಾಗೆ ನಡೆದ ಕಾಲಿಗೆ, ಒಂದು ದಿನ ಬಂದೂಕು ಕೊಟ್ಟರೂ ಮುಂದೆ ಹೋಗಲು ಬರುವುದಿಲ್ಲ.

"ಎಲ್ಲಿಗೆ?" ಎಂದಳು ಅಕ್ಕ, ನಾನು ಚಪ್ಪಲಿ ಮೆಟ್ಟುವಾಗ.

"ಕೀ ಒಣಗೋವರೆಗೆ ಹೊರಗೆ ಹೋಗಿ ಬರ್ತೀನಿ."

ದರ್ಜಿ ಮಾಮನ ಅಂಗಡಿ ರಸ್ತೆಯ ಆಚೆ, ಮೆಟ್ಟಿಲ ಕೆಳಗಿನ ಒಂದು ಕೋಣೆ. ಅವರು ನಮಗೆ ಸಂಬಂಧಿಕರಲ್ಲ. ಐವತ್ತೆಂಟು ವಯಸ್ಸಿನವರನ್ನು ಆಟದ ಅಡ್ಡಹೆಸರಿನಿಂದ ಕರೆಯಲು ನಾಲಿಗೆ ಬಾರದೆ ಅಕ್ಕ ಮಾಮ ಎಂದಳು, ಎಲ್ಲರೂ ಮಾಮ ಎಂದರು. ಆಟದಲ್ಲಿ ತಂಡಕ್ಕೆ ಮದ್ದು ಹಾಕುವವರು ಅವರೇ.

ನರ್ಸುಗಳ ಬಿಳಿ ಅಂಗಿಗೆ ತೋಳು ಕೂರಿಸುತ್ತಿದ್ದರು. ನನ್ನನ್ನು ನೋಡಿದರು, ಪೆಡಲಿನಿಂದ ಕಾಲು ತೆಗೆಯಲಿಲ್ಲ. ಹೊಲಿಗೆ ಕೊನೆ ಮುಟ್ಟಿದ ಮೇಲೆ ದಾರ ಕತ್ತರಿಸಿ, ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ಜಾಗ ಮಾಡಿದರು.

"ಕೂತ್ಕೋ ಮಗಳೇ. ನೀನು ಬೇಗ ಬರ್ತೀಯ ಅಂದ್ಕೊಂಡಿದ್ದೆ. ಮೂರು ದಿನ ತಗೊಂಡೆ."

ನಾನು ಕೂರಲಿಲ್ಲ. ಬರುವ ದಾರಿಯಲ್ಲಿ ಹೇಗೆ ಕೇಳಬೇಕೆಂದು ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

"ಅತ್ತೆಮನೆ ಬಾಗಿಲಲ್ಲಿ ನಿಂತ್ರಿ, ಮಾಮ."

ಅವರು ಅರ್ಥವಾಗದವರಂತೆ ನೋಡಿದರು. ಆಮೇಲೆ ಮೂಗಿನ ತುದಿಗೆ ಜಾರಿದ್ದ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡು ನಕ್ಕರು. ಹೆಚ್ಚು ಹೊತ್ತು ಬಾಳದ ನಗು.

"ನಿಂತಿದ್ದೆ ಅಂತ ನನಗೇ ಗೊತ್ತಿಲ್ಲ ನೋಡು. ನಾನು ಸೆಂಟರ್ ಪುಸ್ತಕದಲ್ಲಿ ಹೆಸರು ಬರೀಲಿಲ್ಲ, ಯಾರೂ ಇಲ್ಲದ ಹೊತ್ತು ನೋಡ್ಕೊಂಡೆ, ಕುರ್ಚಿ ಕೂಡ ನಿಮ್ಮಕ್ಕನ ಎತ್ತರಕ್ಕೇ ವಾಪಸ್ ಇಟ್ಟೆ. ಕಾಲು ಹೇಳಿಬಿಡ್ತಾ?"

"ಹ್ಞೂಂ."

"ನನ್ನ ಹೆಂಡತಿ ಹೇಳ್ತಿದ್ಲು, ನಿಮ್ಮನ್ನ ಕಳ್ಳತನಕ್ಕೆ ಕಳಿಸಿದ್ರೆ ಬಾಗಿಲು ತಟ್ಟಿ ಒಳಗೆ ಹೋಗ್ತೀರಿ ಅಂತ."

"ಯಾಕ್ ಮಾಮ?"

"ಏಳು ದಿನ." ಬೆರಳಲ್ಲಿ ತೋರಿಸಿದರು. "ವಜ್ರದಲ್ಲಿದ್ದೋರು ಏಳು ದಿನ ಆಡದೆ ಇದ್ರೆ ಅಂಕ ಸೋರೋಕೆ ಶುರು ಆಗುತ್ತೆ. ಗುರುವಾರಕ್ಕೆ ನಿಮ್ಮಕ್ಕಂದು ಏಳನೇ ದಿನ. ಕೈ ಊದಿ ಬದನೆಕಾಯಿ ಆಗಿತ್ತು. ಬುಧವಾರ ಜಿರಾಫೆ ಬೇರೆ ಬೈದ. ಬೆಳಿಗ್ಗೆ ಯಜಮಾನರ ಪ್ಯಾಂಟ್ ಕೊಡೋಕೆ ಹೋದೆ, ಅವರು ತಿಂಡಿಗೆ ಹೋಗಿದ್ರು. ಸೀಟು ಖಾಲಿ ಇತ್ತು. ಒಂದೇ ಒಂದು ಆಟ, ಗೆಲ್ಲೋದೂ ಬೇಡ, ಕೂತ್ಕೊಂಡು ಏಳೋಣ ಅಂತ ಕೂತೆ."

"ಪಾಸ್‌ವರ್ಡ್?"

"ಅದು ಊರಿಗೇ ಗೊತ್ತು. ನಿನ್ನ ಹುಟ್ಟಿದ ತಾರೀಕು. ದಿನಾ ನಾಲ್ಕು ಗಂಟೆಗೆ ನಾವೆಲ್ಲ ಆಟಕ್ಕೆ ಕೂರೋವಾಗ ಬಾಯಲ್ಲಿ ಹೇಳ್ಕೊಂಡು ಒತ್ತುತಾಳೆ."

ಅದು ನನಗೆ ಗೊತ್ತಿರಲಿಲ್ಲ. ಸ್ಟೂಲಿನ ಮೇಲೆ ಕುಳಿತೆ.

"ಅಕ್ಕಂಗೆ ಹೇಳಿದ್ರಾ?"

"ಇಲ್ಲ. ಹೇಳಿದ್ರೆ ಬೇಡ ಅಂತಿದ್ಲು."

ಹೊರಗೆ ಯಾರೋ ಮೆಟ್ಟಿಲು ಹತ್ತಿ ಹೋದರು. ನಮ್ಮ ತಲೆಯ ಮೇಲೇ ಹೆಜ್ಜೆಗಳ ಸದ್ದು.

"ಸರಿ ಮಾಮ, ಕೂತ್ರಿ. ಆದ್ರೆ ಆ ಕಳ್ಳ ಪ್ರೋಗ್ರಾಂ ಯಾಕೆ ಹಾಕಿದ್ರಿ? ಆಟ ಮುಗಿದ ಮೇಲೆ ಅದನ್ನ ಹೇಗೆ ಅಳಿಸಿದ್ರಿ?"

ಅವರು ಮಷೀನಿನ ಖಾನೆ ಎಳೆದು ಒಂದು ಮಡಿಸಿದ ಕಾಗದ ತೆಗೆದರು. ಅಳತೆ ಬರೆಯುವ ಕಂದು ಕಾಗದ. ಅಕ್ಷರಗಳು ನೂಲು ಹಿಡಿದಂತೆ ನೇರವಾಗಿದ್ದವು. ಗುರುವಾರ ಏಳನೇ ಸೀಟಿನಲ್ಲಿ ಕುಳಿತವನು ನಾನು, ಮಾಡಿದ್ದೆಲ್ಲ ನಾನೇ, ತಂಡದ ಬೇರೆ ಯಾರಿಗೂ ತಿಳಿಯದು. ಕೆಳಗೆ ರುಜು, ತಾರೀಕು.

"ಇದನ್ನ ಕಳಿಸು. ಆರು ಗಂಟೆ ಒಳಗೆ ಅಲ್ವಾ?"

"ಮಾಮ, ನಾನು ಕೇಳಿದ್ದಕ್ಕೆ ಹೇಳಿ."

"ಬರೆದಿದೀನಲ್ಲ, ಎಲ್ಲ ನಾನೇ ಅಂತ."

"ನಿಮಗೆ ಫೋನ್‌ನಲ್ಲಿ ಫೋಟೋ ಕಳಿಸೋಕೂ ನಾನೇ ಬೇಕು. ಕಂಪನಿಯವರಿಗೇ ಸಿಗದ ಹಾಗೆ ಪ್ರೋಗ್ರಾಂ ಹಾಕಿ ತೆಗೆಯೋದನ್ನ ಯಾರು ಹೇಳಿಕೊಟ್ರು?"

ದರ್ಜಿ ಮಾಮ ಕತ್ತರಿಯನ್ನು ಎತ್ತಿದರು, ಇಟ್ಟರು. ಅಂಗಿಯ ತೋಳನ್ನು ಮಡಿಸಿದರು, ಬಿಡಿಸಿದರು. ಕೊನೆಗೆ ಬುಟ್ಟಿಯಿಂದ ಎರಡು ಚಿಂದಿ ಬಟ್ಟೆ ತೆಗೆದು ನನ್ನ ಮುಂದಿಟ್ಟರು.

"ಯಾವುದು ಕೈಹೊಲಿಗೆ, ಯಾವುದು ಮಷೀನ್ ಹೊಲಿಗೆ?"

ನೋಡಿದರೆ ಗೊತ್ತಾಗುತ್ತಿತ್ತು. ಒಂದರಲ್ಲಿ ಹೊಲಿಗೆ ಚೆನ್ನಾಗಿತ್ತು, ಆದರೆ ಒಂದು ಕೂದಲೆಳೆ ಉದ್ದ, ಒಂದು ಗಿಡ್ಡ. ಇನ್ನೊಂದರಲ್ಲಿ ಎಲ್ಲವೂ ಒಂದೇ ಅಳತೆ. ಬೆರಳಿಟ್ಟು ತೋರಿಸಿದೆ.

"ನಲವತ್ತು ವರ್ಷ ಹೊಲಿದ ಕೈ ಇದು. ಆದ್ರೂ ಕೈ ಅಂದ್ರೆ ಕೈಯೇ, ಎಲ್ಲೋ ಒಂದು ಕಡೆ ಉಸಿರು ತಗೊಳ್ಳುತ್ತೆ." ಚಿಂದಿಯನ್ನು ಸವರಿದರು. "ಆಟದಲ್ಲಿ ಬಂದೂಕು ಒತ್ತಿ ಹಿಡಿದ್ರೆ ಅದರ ಮೂತಿ ಮೇಲೆ ಹಾರುತ್ತೆ, ಗೊತ್ತಲ್ಲ. ಮೌಸ್ ಕೆಳಗೆ ಎಳೀತಾ ಇರಬೇಕು. ಅದನ್ನ ಎಳೆದೂ ಎಳೆದೂ ನಿಮ್ಮಕ್ಕನ ಮಣಿಕಟ್ಟು ಹೋಗಿದ್ದು. ಅರ್ಧ ಇಸ್ತ್ರಿ ತಿಂತು, ಅರ್ಧ ಇದು ತಿಂತು."

"ಗೊತ್ತು."

"ನಾನು ಬಂದೂಕು ಹಿಡಿದವನೇ ಅಲ್ಲ. ಗುರುವಾರ ಒತ್ತಿದೆ, ಬಿಡೋದು ಗೊತ್ತಾಗ್ಲಿಲ್ಲ, ಪೆಡಲ್ ತುಳಿದ ಹಾಗೆ ಒತ್ತೇ ಹಿಡಿದೆ. ಮೂವತ್ತು ಗುಂಡೂ ಹೋಯ್ತು." ಮಷೀನ್ ಹೊಲಿಗೆಯ ಮೇಲೆ ಉಗುರಿನಿಂದ ಒಂದು ಗೆರೆ ಎಳೆದರು. "ಗೋಡೆ ಮೇಲೆ ಹೀಗೆ ಬಿತ್ತು. ಮೂತಿ ಅಲ್ಲಾಡ್ಲಿಲ್ಲ. ನಾನು ಎಳೀಲೇ ಇಲ್ಲ ಮಗಳೇ. ಅದೇ ಎಳ್ಕೊಳ್ತಿತ್ತು."

ಒಂದು ಸಲ ಹೇಳಿಕೊಟ್ಟರೆ ಮೌಸ್ ಮರೆಯುವುದಿಲ್ಲ ಎಂದು ಜಿರಾಫೆ ಬೆಳಿಗ್ಗೆ ಅಂದಿದ್ದ. "ಯಾವ ಮೌಸ್ ಹಿಡಿದಿದ್ರಿ?"

"ಅಲ್ಲೇ ಇತ್ತಲ್ಲ, ಕರೀದು. ಅವಳದು."

ಮಾಮ ಚಿಂದಿಗಳನ್ನು ಬುಟ್ಟಿಗೆ ವಾಪಸ್ ಹಾಕಿದರು.

ಅಕ್ಕನಿಗೆ ಆಟದಲ್ಲಿ ಒಂದು ಹೆಸರಿದೆ. ಮೂರು ಗುಂಡಿನ ಅಕ್ಕ. ಮೂರು ಗುಂಡು ಹಾರಿಸಿ ಬೆರಳೆತ್ತುತ್ತಾಳೆ. ನಾಲ್ಕನೆಯದು ಹಾರಿಸುವುದೇ ಇಲ್ಲ. ಎದುರಾಳಿಗಳೂ ಅದನ್ನು ಹೊಗಳುತ್ತಾರೆ, ಎಂಥ ಸಂಯಮ ಎನ್ನುತ್ತಾರೆ. ಮೊದಲು ಅವಳು ಹಾಗೆ ಆಡುತ್ತಿರಲಿಲ್ಲ. ನಾಲ್ಕು ತಿಂಗಳಿಂದ ಈಚೆಗೆ ಬಂದ ಸಂಯಮ ಅದು. ಚಿನ್ನದಲ್ಲಿ ಸಿಕ್ಕಿಕೊಂಡಿದ್ದ ತಂಡ ವಜ್ರಕ್ಕೆ ಏರಿದ್ದು ಆ ನಾಲ್ಕು ತಿಂಗಳಲ್ಲೇ.

ಮೂರು ಗುಂಡಿನಲ್ಲಿ ಗೆರೆ ನೇರವೋ ಸೊಟ್ಟವೋ ಯಾರಿಗೂ ಗೊತ್ತಾಗುವುದಿಲ್ಲ. ಮೂವತ್ತರಲ್ಲಿ ಗೊತ್ತಾಗುತ್ತದೆ.

"ನಾಲ್ಕು ತಿಂಗಳಿಂದ ನೀವು ಅವಳ ಹಿಂದೇನೇ ನಿಂತಿದೀರಿ ಮಾಮ. ಕಾಣಲಿಲ್ವಾ?"

"ನನಗೆ ಕಾಣೋದು ಬೆನ್ನು. ಬೆನ್ನಿಗೆ ಮದ್ದು ಹಾಕೋದು ನನ್ನ ಕೆಲಸ." ಕನ್ನಡಕ ಹಾಕಿಕೊಂಡರು. "ನೋಡು, ನನಗೂ ಖಚಿತವಾಗಿ ಗೊತ್ತಿಲ್ಲ. ನಾನು ಕಂಪ್ಯೂಟರ್ ಕಲಿತವನಲ್ಲ. ಬೇರೆ ಯಾರೋ ಆ ಮೌಸ್ ಕೆಡಿಸಿಟ್ಟಿದ್ರೂ ಇಟ್ಟಿರಬಹುದು."

"ಹಾಗಂತ ನೀವು ನಂಬ್ತೀರಾ?"

"ನಂಬೋದು ಬಿಡೋದು ಯಾಕೆ. ನಾನು ಹೋದ್ರೆ ಒಬ್ಬ ದರ್ಜಿ ಹೋದ. ಅವಳು ಹೋದ್ರೆ, ಇಷ್ಟು ದಿನ ಗೆದ್ದಿದ್ದೆಲ್ಲ ಕಳ್ಳಾಟ ಅಂತ ಐದೂ ಜನ ಹೋದ್ರು. ಆ ಅವಳಿಗಳಿಗೆ ಇನ್ನೂ ಹತ್ತೊಂಬತ್ತು."

"ನಾಲ್ಕು ಗಂಟೆ ಆದ್ರೆ ಎಲ್ಲಿಗೆ ಹೋಗ್ತೀರಿ ಮಾಮ, ನಾಳೆಯಿಂದ?"

ಅವರು ಬಿಳಿ ಅಂಗಿಯನ್ನು ಸೂಜಿಯ ಕೆಳಗೆ ಎಳೆದುಕೊಂಡರು. "ಹೊಲಿಯೋದಿದೆಯಲ್ಲ," ಎಂದು ಪೆಡಲ್ ತುಳಿದರು.

ಸೆಂಟರಿಗೆ ಬರುವಾಗ ನಾಲ್ಕಾಗಿತ್ತು. ನಡುವೆ ಎಲ್ಲೆಲ್ಲಿ ನಡೆದೆನೋ ಸರಿಯಾಗಿ ನೆನಪಿಲ್ಲ. ಕೈಯಲ್ಲಿದ್ದ ಕಂದು ಕಾಗದ ಬೆವರಿಗೆ ಮೆತ್ತಗಾಗಿತ್ತು.

ಯಾರು ಕೂತಿದ್ದು ಎಂದು ಹುಡುಕು ಅಂದಿದ್ದಳು ಅಕ್ಕ. ಮೂರು ದಿನವೂ ಅದನ್ನೇ ಅಂದಿದ್ದಳು. ಯಾವ ಪ್ರೋಗ್ರಾಂ, ಎಲ್ಲಿಂದ ಬಂತು, ಹೇಗೆ ಬಂತು ಎಂದು ಒಂದು ಸಲವೂ ಕೇಳಿರಲಿಲ್ಲ.

ಅವಳು ಏಳನೇ ಸೀಟಿನಲ್ಲಿದ್ದಳು. ಒಣಗಿದ ಕೀಗಳನ್ನೆಲ್ಲ ತಾನೇ ಎಡಗೈಯಲ್ಲಿ ಒತ್ತಿ ಕೂರಿಸಿದ್ದಳು. ಬೋಳಾದ ನಾಲ್ಕು ಕೀ ಅದಲುಬದಲಾಗಿದ್ದವು. ಅಕ್ಷರವಿಲ್ಲದ ಮೇಲೆ ಯಾವುದಾದರೇನು. ಕಂಪನಿಗೆ ಕಳಿಸುವ ಪತ್ರ ಪರದೆಯ ಮೇಲೆ ಸಿದ್ಧವಾಗಿತ್ತು. ಹೆಸರಿನ ಜಾಗ ಮಾತ್ರ ಖಾಲಿ.

ಜಿರಾಫೆ ಒಂದನೇ ಸೀಟಿನಲ್ಲಿ ಫೋನ್ ನೋಡುತ್ತಿದ್ದ. ಯಜಮಾನರು ಕೌಂಟರಿನಲ್ಲಿ ತೂಕಡಿಸುತ್ತಿದ್ದರು.

"ಗೊತ್ತಾಯ್ತಾ?" ಎಂದಳು ಅಕ್ಕ.

"ದರ್ಜಿ ಮಾಮ."

ಜಿರಾಫೆ ಫೋನಿನಿಂದ ತಲೆಯೆತ್ತಿದ. "ಏನು? ತಮಾಷೆ ಮಾಡ್ತಿದೀಯಾ? ಮಾಮನಿಗೆ ಗುಂಡು ಹಾಕೋದು ಅಂದ್ರೆ ಶರ್ಟ್ ಗುಂಡಿ ಹಾಕೋದು."

ನಾನು ಅವನನ್ನು ನೋಡುತ್ತಿರಲಿಲ್ಲ. ಅಕ್ಕನ ಹೆಗಲುಗಳನ್ನು ನೋಡುತ್ತಿದ್ದೆ. ಮೂರು ದಿನದಿಂದ ಕಿವಿಯ ತನಕ ಏರಿದ್ದ ಹೆಗಲುಗಳು ನಿಧಾನವಾಗಿ ಕೆಳಗಿಳಿದವು. ಯಾಕೆ ಎಂದು ಅವಳು ಕೇಳಲಿಲ್ಲ. ಮಾಮನಾ ಎಂದೂ ಅನ್ನಲಿಲ್ಲ. ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿ ಎಡಗೈ ಚಾಚಿದಳು.

ಕೊಟ್ಟೆ. ಓದಿದಳು. ಎರಡನೇ ಸಲ ಓದುವಾಗ ಅವಳ ಕಣ್ಣು ಒಂದೇ ಕಡೆ ನಿಂತಿತು. ಎಲ್ಲಿ ನಿಂತಿತೆಂದು ನನಗೆ ಗೊತ್ತು. ಕುಳಿತವನು ನಾನು ಎಂಬುದು ನಿಜ. ಮಾಡಿದ್ದೆಲ್ಲ ಎಂಬಲ್ಲಿ ಆ 'ಎಲ್ಲ' ನಿಜವಲ್ಲ.

"ಒಳ್ಳೆಯವರು," ಎಂದಳು. ದನಿ ಎಲ್ಲಿಂದಲೋ ಬಂದ ಹಾಗಿತ್ತು. "ನಾನು ಕೇಳಿಯೇ ಇರಲಿಲ್ಲ ಅವರನ್ನ, ಆಡಿ ಅಂತ."

"ಗೊತ್ತು."

ಫೋನಿನಲ್ಲಿ ಕಾಗದದ ಫೋಟೋ ತೆಗೆದು ಪತ್ರಕ್ಕೆ ಸೇರಿಸಿದಳು. ಖಾಲಿ ಜಾಗದಲ್ಲಿ ಎಡಗೈಯ ಒಂದೇ ಬೆರಳಿನಿಂದ ಹೆಸರು ಒತ್ತತೊಡಗಿದಳು. ಒಂದೊಂದು ಅಕ್ಷರಕ್ಕೂ ಕೀ ಹುಡುಕಬೇಕಿತ್ತು. ಪಟ್ಟಿ ಕಟ್ಟಿದ ಬಲಗೈ ಕಪ್ಪು ಮೌಸಿನ ಮೇಲೆ ಸುಮ್ಮನೆ ಮಲಗಿತ್ತು.

ಬಾಗಿಲಲ್ಲಿ ನೆರಳು ಬಿತ್ತು. ದರ್ಜಿ ಮಾಮ ಬಂದಿದ್ದರು. ನಾಲ್ಕು ಗಂಟೆಯಾದರೆ ಕಾಲು ತಾನಾಗಿ ಇಲ್ಲಿಗೆ ಬರುತ್ತದೇನೋ. ಒಳಗೆ ಬರಲಿಲ್ಲ. ಬಾಗಿಲಿನ ಎಡಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತರು.

ಅದನ್ನು ನೋಡಿದ ಜಿರಾಫೆ ಫೋನ್ ಕೆಳಗಿಟ್ಟ. ಬೆಳಿಗ್ಗೆ ತಾನಾಡಿದ ಚಪ್ಪಲಿಯ ಮಾತು ಅವನಿಗೆ ನೆನಪಾಗಿರಬೇಕು.

ನಾನು ಮೂರನೇ ಸೀಟಿಗೆ ಹೋದೆ. ಅಲ್ಲಿರುವುದು ಸೆಂಟರಿನ ಹಳೆಯ ಮೌಸ್, ಹೊಟ್ಟೆಗೆ ಟೇಪು ಸುತ್ತಿದ್ದು. ಅದಕ್ಕೆ ಯಾವ ನೆನಪೂ ಇಲ್ಲ. ದಿನಾ ನಾನೇ ಒರೆಸುತ್ತೇನೆ. ಆಟ ತೆರೆದೆ. ಅಭ್ಯಾಸಕ್ಕೆಂದು ಇಟ್ಟ ಬಿಳಿಯ ಗೋಡೆಯೊಂದಿದೆ, ಅದರ ಮುಂದೆ ಬಂದೂಕನ್ನು ನಿಲ್ಲಿಸಿದೆ. ಕುರ್ಚಿಯನ್ನು ಅಕ್ಕನ ಎತ್ತರಕ್ಕೆ ಏರಿಸಿದೆ.

ಅಕ್ಕ ಹೆಸರು ಮುಗಿಸಿದ್ದಳು. ಬೆರಳು ಕಳಿಸುವ ಕೀಯ ಮೇಲಿತ್ತು. ಇನ್ನೂ ಒತ್ತಿರಲಿಲ್ಲ.

"ಅಕ್ಕಾ," ಎಂದೆ. ನನ್ನ ದನಿ ಇಷ್ಟು ದೊಡ್ಡದಾಗಿ ಆ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ. ಯಜಮಾನರು ಎಚ್ಚರಗೊಂಡು ಇತ್ತ ನೋಡಿದರು. "ಕಳಿಸೋಕೆ ಮುಂಚೆ ಇಲ್ಲಿ ಬಂದು ಕೂತ್ಕೋ. ಈ ಮೌಸ್ ಹಿಡಿದು ಈ ಗೋಡೆಗೆ ಒಂದು ಸಲ ಗುಂಡು ಹಾರಿಸು. ಮೂರು ಸಾಲದು. ಮೂವತ್ತೂ ಹಾರಿಸು."

ಹನ್ನೆರಡು ಕಂಪ್ಯೂಟರುಗಳ ಫ್ಯಾನುಗಳು ತಿರುಗುತ್ತಿದ್ದವು. ಬಾಗಿಲಲ್ಲಿ ಮಾಮ ನೆಲ ನೋಡುತ್ತಿದ್ದರು.

ಏಳನೇ ಸೀಟಿನ ಕುರ್ಚಿ ತಿರುಗಲಿಲ್ಲ.